ತಡವಾಗಿ ಬಂದ ಪಾಸ್

ಇಡೀ ಬ್ಯಾಡಗಿಯಾಗ ಬ್ರಿಜ್ ಬರತಿದ್ದುದು ನಾಕ ಮಂದಿಗೆ.
ಬುಧವಾರ ರಾತ್ರಿ, ದಲಾಲಿ ಅಂಗಡಿ ಅಟ್ಟದ ಮ್ಯಾಲೆ,
ಖಾಲಿ ಚೀಲ ಸರಿಸಿ, ಮೇಜು ಒರಸಿ ಕೂಡತಿದ್ವಿ.
ಎಷ್ಟು ಒರಸಿದರೂ ಎಲಿಗೆ ಘಾಟು ಹತ್ತೇ ಹತ್ತತಿತ್ತು,
ರಾಜನ್ನ ಎತ್ತಿದರೂ ಸೀನು, ಗುಲಾಮನ್ನ ಎತ್ತಿದರೂ ಸೀನು.

ಎದುರಿಗೆ ನಮ್ಮ ಧಣಿ, ಬಳ್ಳೊಳ್ಳಿ ಮಹಾರುದ್ರಪ್ಪ.
ಹಗಲೆಲ್ಲ ಅವರ ಖಾತೆ ಬರಿಯಾಂವ ನಾನು,
ರಾತ್ರಿ ಅವರ ಜೋಡಿ.
ಎಡಕ್ಕ ಕೋಲ್ಡ್ ಸ್ಟೋರೇಜಿನ ಮಕಾನದಾರ.
ಬಲಕ್ಕ ಇನಾಮದಾರ ವಿಮಲಕ್ಕ, ಹೆಣ್ಮಕ್ಕಳ ಸಾಲಿಗೆ ಹೆಡ್‌ಬಾಯಿ ಆಗಿದ್ದಾಕಿ,
ಮೂವತ್ತು ವರ್ಷ ಕಾಪಿ ಹಿಡದ ಕಣ್ಣು.

ಧಣಿ ಅಂದರು, ಒಂದು ಇಸ್ಪೇಟು.
ವಿಮಲಕ್ಕ, ಎರಡು ಆಟೀನು.
ನನ್ನ ಕೈಯಾಗ ಐದು ಇಸ್ಪೇಟು, ರಾಣಿನ್ನ ಮುಂದ ಮಾಡಿಕೊಂಡು,
ಆಟೀನು ಒಂದ, ಅದೂ ಆರು,
ಡೈಮಂಡಿನ ರಾಜ ಮೂರು ಸಣ್ಣವರ ಜೋಡಿ,
ಕಳಾವರದಾಗ ಒಬ್ಬ ಗುಲಾಮ, ಎರಡು ಕಸ.
ತಡಾ ಮಾಡಲಿಲ್ಲ, ನಾಲ್ಕು ಇಸ್ಪೇಟು ಅಂದೆ,
ಅವರ ಬಾಗಲಾ ಹಾಕಿ ಚಿಲಕ ಜಡದಂಗ.
ಮಕಾನದಾರ ಕಿಡಕಿಯಿಂದ ಬಂದ:
ಐದು ಆಟೀನು.

ಧಣಿ ಸುಮ್ಮನಾದರು.

ಚಹಾದ ಮ್ಯಾಲೆ ಕೆನಿ ಕಟ್ಟಿತು.
ಸ್ಟೇಶನ್ ಕಡೆಯಿಂದ ಗೂಡ್ಸ್ ಬಂತು,
ಕೂತಲ್ಲೇ ಎಣಿಸಿದೆ, ನಲವತ್ತೊಂದು ಡಬ್ಬಿ,
ಕಡೀ ಡಬ್ಬಿಯ ಕೆಂಪು ದೀಪ ಹೋಗೂ ತನಕ
ಧಣಿ ಒಂದ ಎಲಿ ಎತ್ತಿದರು, ಅಲ್ಲೇ ಇಟ್ಟರು,
ಆಮ್ಯಾಲೆ ಅಂದರು: ಪಾಸ್.

ವಿಮಲಕ್ಕ ಗಡಿಯಾರ ನೋಡಲಿಲ್ಲ,
ನನ್ನ ನೋಡಿದಳು.
ಪಾಸ್, ಅಂದಳು.

ಟೆಂಡರಿನಾಗ ಈ ತ್ರಾಸ ಇಲ್ಲ.
ಒಂದು ಚೀಟಿ, ಒಂದು ದರ, ಮಡಚಿ ಹಾಕು,
ಮಂದಿ ಏನು ಬರದರು ಅನ್ನೂದು ಸಂಜೀ ಮಾತು.
ಇಲ್ಲಿ ಎಲ್ಲಾ ಬಾಯಿಲೇ, ಎಲ್ಲರ ಕಿವಿಗೂ,
ಅವರು ಒಂದು ಮೆಟ್ಟಲಾ ನೂಕತಾರ,
ನೀ ಏರಬೇಕೋ, ಅಲ್ಲೇ ನಿಂತು ಅವರು ಬೀಳೂದು ಕಾಯಬೇಕೋ.
ಅದರಾಗ ಈ ಸುಮ್ಮನಿದ್ದ ಹೊತ್ತು!
ಲಗೂನ ಪಾಸ್ ಅಂದಿದ್ದರ ತಿಳೀತಿತ್ತು: ಸಾಕು.
ಡಬಲ್ ಅಂದಿದ್ದರ ತಿಳೀತಿತ್ತು: ಹೊಡಿ.
ಇದು ಎರಡೂ ಅಲ್ಲ. ಏನಾರ ಮಾಡಲೇ, ಅನ್ನೂ ಮಾತು,
ಮಾತಾಡದೇ ಆಡಿದ್ದು,
ಕೇಳಬಾರದ್ದು ಕೇಳಿಸಿ ಆಗಿತ್ತು.
ಮೂಗು ಮುಚ್ಚಿಕೊಂಡರ ಘಾಟು ನಿಲ್ಲತೈತೇನು?

ನನ್ನ ರಾಣಿ ಅಷ್ಟರಾಗ ಎಕ್ಕ ಆಗಿರಲಿಲ್ಲ.
ಇದ್ದುದ್ದೆಲ್ಲಾ ನಾಲ್ಕು ಅಂದಾಗ ಹೇಳಿ ಮುಗಿಸಿದ್ದೆ.
ಗೂಡ್ಸ್ ಬರದಿದ್ದರ, ಚಹಾ ಬಿಸಿ ಇದ್ದಾಗ
ನಾ ಐದು ಅಂತಿದ್ನೇನು?
ಅಂತಿದ್ದೆ, ಅನ್ನತು ಒಂಟಿ ಆರು.
ಇಲ್ಲ, ಅನ್ನತು ಗುಲಾಮ.
ಖರೇ ಹೇಳಬೇಕಂದ್ರ, ಗೊತ್ತಿಲ್ಲ.
ಗೊತ್ತಿಲ್ಲದಾಗ ಧಣಿ ಮಾರಿ ನೋಡೂದು ಹಗಲಿನ ಚಾಳಿ.
ನೋಡಲಿಲ್ಲ. ಮೇಜಿನ ಗಂಟು ನೋಡಿಕೋತ
ಪಾಸ್ ಅಂದೆ.

ಹನ್ನೊಂದು ಪಟ್ಟು, ಒಂದೂ ಕಡಿಮಿ ಇಲ್ಲ.
ಒಂದು ಇಸ್ಪೇಟು ನಮಗ, ಒಂದು ಡೈಮಂಡು, ಅಷ್ಟ.
"ನೀವು ಐದು ಇಸ್ಪೇಟಿಗೆ ಹೋಗಿದ್ದರ ಒಂದ ಬೀಳತಿತ್ತು,
ಅಗ್ಗಕ್ಕ ಮುಗೀತಿತ್ತು," ಮಕಾನದಾರ
ಕೇಳದನ ಲೆಕ್ಕಾ ಹೇಳಿದ.

"ಏನಲೇ ಅಡಿವೆಪ್ಪ, ಐದು ಅನ್ನಾಕ ನಾಲಿಗಿ ಹೊರಳಲಿಲ್ಲೇನು?"

"ನೀವು ಬಾಳ ಹೊತ್ತು ತಗೊಂಡ್ರಿ, ಧಣಿ."

ಹನ್ನೆರಡು ವರ್ಷದ ನೌಕರಿಯಾಗ
ಅವರಿಗೆ ನಾ ಎದುರಾಡಿದ್ದು ಅದ ಮೊದಲು.
ವಿಮಲಕ್ಕ ಎಲಿ ಕೂಡಿಸಿದಳು, ಕಲಿಸಿದಳು,
ನನಗ ಕತ್ತರಿಸಾಕ ಕೊಟ್ಟಳು.

ಗುರುವಾರ ಪ್ಯಾಟಿ. ಕಡ್ಡಿ ಕಾಯಿ, ಕೆಂಪಗ, ನೆರಿಗಿ ನೆರಿಗಿ.
ದರ ಬರಿಯೂ ಮುಂದ ಧಣಿ ಯಾವತ್ತೂ
ಪೆನ್ನು ಎತ್ತಿ ಹಿಡದು ನನ್ನ ಮಾರಿ ನೋಡವರು.
ಅವತ್ತು ಬೆನ್ನು ತಿರುವಿ
ಒಂದ ಉಸಿರಿಗೆ ಬರದು ಮಡಚಿದರು.

ಲಾಟ್ ನಮಗ ಬಂತು,
ಕ್ವಿಂಟಲ್‌ಗೆ ನೂರಾ ಎಂಬತ್ತು ಹೆಚ್ಚಿಗಿ ಕೊಟ್ಟು.
ಖಾತೆಗೆ ಹಚ್ಚಿಕೊಂಡೆ.
ನಾನೂ ಬರಿಯಾಕ ಹೊತ್ತು ತಗೊಳ್ಳಲಿಲ್ಲ.